ಪಾಠಕ್ಕೆ ಮೊದಲು ಪರಿಶೀಲನೆಯಾಗಲಿ: ರಾಯಚೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ರಾಯಚೂರು ಜಿಲ್ಲೆ.

ಪ್ರತಿಗಳು: ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಜಿಲ್ಲೆಯ ಎಲ್ಲ ಬಿ.ಇಡಿ ಮತ್ತು ಡಿ.ಎಲ್.ಇಡಿ ಕಾಲೇಜುಗಳ ಪ್ರಾಂಶುಪಾಲರು.

ವಿಷಯ: ಪ್ರಶಿಕ್ಷಣಾರ್ಥಿಗಳನ್ನು (ಶಿಕ್ಷಕ ತರಬೇತಿ ಪಡೆಯುತ್ತಿರುವ ವಿದ್ಯಾರ್ಥಿಗಳನ್ನು) ಶಾಲೆಗಳಿಗೆ ನಿಯೋಜಿಸುವ ಮುನ್ನವೇ ಅವರ ಪೊಲೀಸ್ ಪರಿಶೀಲನೆ ಮುಗಿಸುವ ಕುರಿತು.

ಮಾನ್ಯರೇ,

ನಾನು ಈ ಜಿಲ್ಲೆಯ ಬಿ.ಇಡಿ ಕಾಲೇಜೊಂದರಲ್ಲಿ ಹನ್ನೊಂದು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಏಳು ವರ್ಷಗಳಿಂದ ಇಂಟರ್ನ್‌ಶಿಪ್ ಸಂಯೋಜನೆಯ ಹೊಣೆಯೂ ನನ್ನ ಮೇಲಿದೆ. ಯಾವ ವಿದ್ಯಾರ್ಥಿಯನ್ನು ಯಾವ ಶಾಲೆಗೆ ಕಳುಹಿಸಬೇಕು, ಎಲ್ಲಿಗೆ ಬಸ್ಸಿನ ಅನುಕೂಲವಿದೆ, ಯಾವ ಮುಖ್ಯಗುರುಗಳು ಪ್ರಶಿಕ್ಷಣಾರ್ಥಿಗಳಿಗೆ ಮನಸ್ಸಿಟ್ಟು ಕಲಿಸುತ್ತಾರೆ, ಯಾರು ಅವರನ್ನು ಬರೀ ದಾಖಲೆ ಪುಸ್ತಕ ಬರೆಯಲು ಕೂರಿಸುತ್ತಾರೆ ಎಂಬುದೆಲ್ಲ ನನಗೆ ಗೊತ್ತು. ಗೊತ್ತಿಲ್ಲದೆ ಉಳಿದದ್ದು ಒಂದೇ, ಮಕ್ಕಳ ನಡುವೆ ನಾನು ಕಳುಹಿಸುತ್ತಿರುವ ಈ ಯುವಕ ಯುವತಿಯರ ಹಿನ್ನೆಲೆ. ಅದನ್ನು ತಿಳಿದುಕೊಳ್ಳುವುದು ನನ್ನ ಕೆಲಸ ಎಂದು ಯಾರೂ ಹೇಳಿರಲಿಲ್ಲ. ನಾನಾಗಿಯೂ ಕೇಳಿರಲಿಲ್ಲ.

ಕಳೆದ ವರ್ಷ ಕೇಳಿದವರು ವಸತಿ ಶಾಲೆಯೊಂದರ ಪ್ರಾಂಶುಪಾಲೆ. ನಾನು ಒಂಬತ್ತು ಮಂದಿ ಪ್ರಶಿಕ್ಷಣಾರ್ಥಿಗಳನ್ನು ಕರೆದುಕೊಂಡು ಬೆಳಿಗ್ಗೆ ಹತ್ತರ ಹೊತ್ತಿಗೆ ಆ ಶಾಲೆಯ ಗೇಟಿನ ಒಳಗೆ ಬಂದಿದ್ದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಆದೇಶದ ಪ್ರತಿ ನನ್ನ ಕೈಯಲ್ಲಿತ್ತು, ಪಾಠಯೋಜನೆಯ ಪುಸ್ತಕಗಳು ಅವರ ಚೀಲದಲ್ಲಿದ್ದವು. ಅವರು ಆದೇಶವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಎಲ್ಲ ಸರಿ ಅದ ಮೇಡಂ, ಇವರ ಪೊಲೀಸ್ ವೆರಿಫಿಕೇಶನ್ ಎಲ್ಲಿ ಅದ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಕಾಲೇಜಿಗೆ ಫೋನು ಮಾಡಿದೆ, ಕಾಲೇಜಿನವರು ಬಿಇಒ ಕಚೇರಿಗೆ ಕೇಳಿ ಎಂದರು, ಕಚೇರಿಯವರು ಅದು ಕಾಲೇಜಿಗೆ ಬಿಟ್ಟದ್ದು ಎಂದರು. ಮಧ್ಯಾಹ್ನ ಎರಡು ಗಂಟೆಯವರೆಗೆ ಒಂಬತ್ತು ಮಂದಿಯೂ ಅಂಗಳದ ಬೇವಿನ ಮರದ ಕೆಳಗೆ ಚೀಲದ ಮೇಲೆ ಕುಳಿತಿದ್ದರು. ಕೊನೆಗೆ ಒಬ್ಬ ಹುಡುಗ ಪಟ್ಟಣಕ್ಕೆ ಹೋಗಿ ಬಾಂಡ್ ಪೇಪರ್ ತಂದ. "ನನ್ನ ಮೇಲೆ ಯಾವುದೇ ಕ್ರಿಮಿನಲ್ ಪ್ರಕರಣ ಇರುವುದಿಲ್ಲ" ಎಂದು ಒಬ್ಬೊಬ್ಬರೂ ತಾವೇ ಬರೆದು ತಾವೇ ಸಹಿ ಹಾಕಿದರು. ಕೆಳಗೆ ಸಾಕ್ಷಿಯಾಗಿ ನಾನು ಸಹಿ ಹಾಕಿದೆ. ಪ್ರಾಂಶುಪಾಲೆ ಆ ಕಾಗದಗಳನ್ನು ಕಡತಕ್ಕೆ ಸೇರಿಸಿ ನಮ್ಮನ್ನು ಒಳಗೆ ಬಿಟ್ಟುಕೊಂಡರು.

ಅಂದು ನಾನು ಏನಕ್ಕೆ ಸಾಕ್ಷಿಯಾದೆ ಎಂದು ಆಮೇಲೆ ಅನೇಕ ದಿನ ಯೋಚಿಸಿದ್ದೇನೆ. ಆ ಒಂಬತ್ತು ಮಂದಿಯಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ ಎಂದು ಇವತ್ತು ಹೇಳಬಲ್ಲೆ; ಆದರೆ ಹದಿನಾರು ವಾರ ಕಳೆದ ಮೇಲೆ ಹೇಳುವ ಮಾತು ಅದು, ಅಂದು ಬೆಳಿಗ್ಗೆ ಹೇಳಬಹುದಾಗಿದ್ದ ಮಾತಲ್ಲ. ಕಳ್ಳನಲ್ಲ ಎಂದು ಕಳ್ಳನೂ ಬರೆದುಕೊಡುತ್ತಾನೆ. ಅಂಥ ಕಾಗದದಿಂದ ಒಂದು ಮಗುವಿಗೂ ರಕ್ಷಣೆ ಸಿಗುವುದಿಲ್ಲ. ನಾಳೆ ಏನಾದರೂ ಆದರೆ ನಮ್ಮ ತಲೆ ತಪ್ಪಿಸಿಕೊಳ್ಳಲು ಮಾತ್ರ ಅದು ಬರುತ್ತದೆ. ಈ ಪತ್ರವನ್ನು ತಮಗೆ ಖಾಸಗಿಯಾಗಿ ಬರೆಯದೆ ಎಲ್ಲರ ಮುಂದೆ ಬರೆಯುತ್ತಿರುವುದಕ್ಕೆ ಕಾರಣ ಇಷ್ಟೇ: ತಪ್ಪು ಒಂದು ಕಚೇರಿಯದಲ್ಲ, ಅದರಲ್ಲಿ ನನ್ನ ಸಹಿಯೂ ಇದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಬಂದ ಪೋಕ್ಸೊ ಕಾಯ್ದೆಯ ಅಡಿಯಲ್ಲಿ 2020ರ ಮಾರ್ಚ್‌ನಲ್ಲಿ ಹೊಸ ನಿಯಮಗಳು ಜಾರಿಗೆ ಬಂದವು. ಮಕ್ಕಳು ವಾಸಿಸುವ ಅಥವಾ ಮಕ್ಕಳೊಂದಿಗೆ ನಿಯಮಿತ ಸಂಪರ್ಕವಿರುವ ಪ್ರತಿಯೊಂದು ಸಂಸ್ಥೆ, ಅದು ಶಾಲೆಯಾಗಲಿ, ಶಿಶುಪಾಲನಾ ಕೇಂದ್ರವಾಗಲಿ, ಕ್ರೀಡಾ ತರಬೇತಿ ಸಂಸ್ಥೆಯಾಗಲಿ, ಬೋಧಕರು, ಬೋಧಕೇತರರು, ಕಾಯಂ ನೌಕರರು, ಗುತ್ತಿಗೆಯವರು ಎಂಬ ಭೇದವಿಲ್ಲದೆ ತನ್ನ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮತ್ತು ಹಿನ್ನೆಲೆ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಲೇಬೇಕು ಎಂದು ಅದರ 3ನೇ ನಿಯಮ ಹೇಳುತ್ತದೆ. ಮಕ್ಕಳ ಸುರಕ್ಷತೆಯ ಬಗ್ಗೆ ಆ ಸಿಬ್ಬಂದಿಗೆ ಆಗಾಗ ತರಬೇತಿ ಕೊಡಬೇಕು ಎಂದೂ ಹೇಳುತ್ತದೆ. ಅಡುಗೆಯವರು, ಕಾವಲುಗಾರರು, ಶಾಲಾ ವಾಹನದ ಚಾಲಕರು, ಅತಿಥಿ ಶಿಕ್ಷಕರು ಎಲ್ಲರೂ ಈ ಮಾತಿನೊಳಗೆ ಬಂದರು. ಬಾರದೆ ಉಳಿದವರು ನಮ್ಮ ಪ್ರಶಿಕ್ಷಣಾರ್ಥಿಗಳು. ನಿಯಮದಲ್ಲಿರುವುದು "ಸಿಬ್ಬಂದಿ", "ನೌಕರ" ಎಂಬ ಪದಗಳು. ಪ್ರಶಿಕ್ಷಣಾರ್ಥಿಗೆ ಸಂಬಳವಿಲ್ಲ, ನೇಮಕಾತಿ ಆದೇಶವಿಲ್ಲ, ಅವನ ಅಂತಿಮ ಹಾಜರಿ ಲೆಕ್ಕ ಇರುವುದು ನಮ್ಮ ಕಾಲೇಜಿನಲ್ಲಿ. ಆದ್ದರಿಂದ ಅವನು ನಮ್ಮವನಲ್ಲ ಎಂದು ಶಾಲೆ ಹೇಳುತ್ತದೆ, ಅವನು ಮಕ್ಕಳನ್ನು ನೋಡುವುದು ಶಾಲೆಯಲ್ಲಿ ಎಂದು ಕಾಲೇಜು ಹೇಳುತ್ತದೆ, ಕೇಳಿದವರು ಯಾರು, ಅವರ ಪತ್ರ ತನ್ನಿ ಎಂದು ಠಾಣೆ ಹೇಳುತ್ತದೆ. ತಮ್ಮ ತಮ್ಮ ಕಡತದ ಮಟ್ಟಿಗೆ ಮೂವರ ಮಾತೂ ಸರಿಯೇ.

ಆದರೆ ಮಗುವಿಗೆ ಈ ಕಡತ ಗೊತ್ತಿಲ್ಲ. ಆರನೇ ತರಗತಿಯ ಹುಡುಗಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಪ್ಪುಹಲಗೆಯ ಮುಂದೆ ನಿಂತವರೆಲ್ಲ ಸರ್, ಸೀರೆಯುಟ್ಟು ನಿಂತವರೆಲ್ಲ ಟೀಚರ್. ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತು 2014ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಎರಡು ವರ್ಷದ ಬಿ.ಇಡಿಯಲ್ಲಿ ಶಾಲೆಯೊಂದಿಗಿನ ಕೆಲಸಕ್ಕೆ ಒಟ್ಟು 20 ವಾರಗಳಿವೆ. ಮೊದಲ ವರ್ಷ 4, ಎರಡನೆಯ ವರ್ಷ 16. ಆ ಹದಿನಾರು ವಾರಗಳಲ್ಲಿ ಪ್ರಶಿಕ್ಷಣಾರ್ಥಿ ಪಾಠ ಮಾಡುವುದು ಬಹಳವೆಂದರೆ ದಿನಕ್ಕೆ ಎರಡು ಮೂರು ಅವಧಿ. ಉಳಿದ ಹೊತ್ತು ಬಿಸಿಯೂಟ ಬಡಿಸುತ್ತಾನೆ, ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದೊಯ್ಯುತ್ತಾನೆ, ಶಿಕ್ಷಕರು ರಜೆಯಿದ್ದ ತರಗತಿಯನ್ನು ಒಬ್ಬನೇ ನೋಡಿಕೊಳ್ಳುತ್ತಾನೆ, ವಸತಿ ಶಾಲೆಯಾದರೆ ರಾತ್ರಿ ಓದಿನ ಸಮಯದಲ್ಲಿ ಮಕ್ಕಳ ಜೊತೆ ಕೂರುತ್ತಾನೆ. ಶಿಕ್ಷಕರ ಕೊರತೆಯಿರುವ ನಮ್ಮ ಹಳ್ಳಿ ಶಾಲೆಗಳಲ್ಲಿ ಪ್ರಶಿಕ್ಷಣಾರ್ಥಿ ಬಂದರೆಂದರೆ ಮುಖ್ಯಗುರುಗಳಿಗೆ ಮಳೆ ಬಂದಷ್ಟು ಸಂತೋಷ. ಆ ಸಂತೋಷದಲ್ಲಿ ಬಂದವರು ಯಾರು ಎಂದು ಯಾರೂ ಕೇಳುವುದಿಲ್ಲ. ಮಗುವಿನ ವಿಶ್ವಾಸಕ್ಕೆ ಪಾತ್ರವಾದ ಅಥವಾ ಅದರ ಮೇಲೆ ಅಧಿಕಾರವಿರುವ ಸ್ಥಾನದಲ್ಲಿದ್ದು ಎಸಗಿದ ಅಪರಾಧವನ್ನು ಪೋಕ್ಸೊ ಕಾಯ್ದೆಯೇ ಹೆಚ್ಚು ಗಂಭೀರವೆಂದು ಬಗೆಯುತ್ತದೆ. ಅಪರಾಧವಾದ ಮೇಲೆ ಕಾಯ್ದೆ ಗುರುತಿಸುವ ಆ ಸ್ಥಾನವನ್ನು ಅಪರಾಧಕ್ಕೆ ಮುಂಚೆ, ಗೇಟಿನ ಬಳಿಯೇ ನಾವು ಏಕೆ ಗುರುತಿಸುತ್ತಿಲ್ಲ?

ಆ ದಿನದ ನಂತರ ನಾನು ಸುಮ್ಮನಿರಲಿಲ್ಲ. ಮುಂದಿನ ತಂಡದ ವಿದ್ಯಾರ್ಥಿಗಳಿಗೆ ಎಲ್ಲರೂ ತಾವೇ ಪೊಲೀಸ್ ಪರಿಶೀಲನೆಗೆ ಅರ್ಜಿ ಹಾಕಿ, ಪ್ರಮಾಣಪತ್ರ ತಂದ ಮೇಲೆಯೇ ಶಾಲೆಗೆ ಕಳುಹಿಸುತ್ತೇನೆ ಎಂದು ಕಟ್ಟುನಿಟ್ಟಾಗಿ ಹೇಳಿದೆ. ಹೊಣೆಯನ್ನು ವಿದ್ಯಾರ್ಥಿಯ ಹೆಗಲಿಗೆ ಹಾಕಿ ಕೈತೊಳೆದುಕೊಳ್ಳುವುದು ಎಷ್ಟು ಸುಲಭ, ಮತ್ತು ಅದರಿಂದ ಏನಾಗುತ್ತದೆ ಎಂಬುದನ್ನು ಆ ಮೂರು ತಿಂಗಳು ಕಲಿಸಿದವು. ಅದನ್ನು ಸ್ವಲ್ಪ ವಿವರವಾಗಿಯೇ ತಮ್ಮ ಮುಂದಿಡಬೇಕಾಗಿದೆ.

ಅರ್ಜಿ ಹಾಕುವುದೇನೋ ಸುಲಭ. ಸರ್ಕಾರದ ಸೇವಾ ಸಿಂಧು ಜಾಲತಾಣವಿದೆ, ಹಳ್ಳಿಯಲ್ಲಿ ಗ್ರಾಮ ಒನ್ ಸೇವಾ ಕೇಂದ್ರವಿದೆ. ಅಲ್ಲಿಂದ ಮುಂದೆ ಅರ್ಜಿ ಅರ್ಜಿದಾರರ ವಿಳಾಸಕ್ಕೆ ಸೇರಿದ ಠಾಣೆಗೆ ಹೋಗಬೇಕು, ಬೀಟ್ ಪೊಲೀಸರು ಮನೆಗೆ ಬಂದು ವಿಚಾರಿಸಬೇಕು, ವರದಿ ಮೇಲಕ್ಕೆ ಹೋಗಬೇಕು. ನಮ್ಮ ಕಾಲೇಜಿನ ಹುಡುಗನೊಬ್ಬನ ಮನೆಯವರು ಹಿಂಗಾರಿ ಕೈಕೊಟ್ಟ ಮೇಲೆ ಗುಳೆ ಹೋಗಿದ್ದರು. ಅಪ್ಪ ಅವ್ವ ಇಬ್ಬರೂ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದರು, ಹುಡುಗ ರಾಯಚೂರಿನ ಹಾಸ್ಟೆಲಿನಲ್ಲಿದ್ದ. ಪೊಲೀಸರು ಊರಿಗೆ ಹೋದಾಗ ಮನೆಗೆ ಬೀಗ, ಪಕ್ಕದ ಮನೆಯ ಕಟ್ಟೆಯ ಮೇಲೆ ಕಿವಿ ಕೇಳದ ಒಬ್ಬ ಅಜ್ಜಿ. ವರದಿಯಲ್ಲಿ "ಸದರಿ ವ್ಯಕ್ತಿಯು ಸದರಿ ವಿಳಾಸದಲ್ಲಿ ವಾಸವಿರುವುದಿಲ್ಲ" ಎಂಬ ಒಂದು ಸಾಲು ಬಂತು. ಅರ್ಜಿ ತಿರಸ್ಕೃತವಾಯಿತು. ಪೇದೆ ಬರೆದದ್ದು ಸುಳ್ಳಲ್ಲ. ಆದರೆ ವರ್ಷದಲ್ಲಿ ಕೆಲವು ತಿಂಗಳು ಬೀಗ ಬೀಳುವ ಮನೆಗಳು ಈ ಜಿಲ್ಲೆಯಲ್ಲಿ ಎಷ್ಟಿವೆ ಎಂದು ನಾನು ತಮಗೆ ಹೇಳಬೇಕಾಗಿಲ್ಲ. ಬಡತನವೇ ಇಲ್ಲಿ ಅನುಮಾನಕ್ಕೆ ಕಾರಣವಾಗಿಬಿಡುತ್ತದೆ.

ಮತ್ತೊಬ್ಬ ವಿದ್ಯಾರ್ಥಿನಿಯ ತಂದೆ ಕಾಲೇಜಿಗೇ ಬಂದರು. ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಮಗಳ ಮದುವೆಯ ಮಾತುಕತೆ ನಡೆದಿದೆ, ಅವಳು ಠಾಣೆಯ ಮೆಟ್ಟಿಲು ಹತ್ತಿದಳು ಎಂದರೆ ಬೀಗರ ಊರಿಗೆ ಸುದ್ದಿ ಮುಟ್ಟಲು ಒಂದು ದಿನವೂ ಬೇಡ ಎಂದರು. ಅವರ ಓಣಿಯಲ್ಲಿ ಪಾಸ್‌ಪೋರ್ಟ್ ವಿಚಾರಣೆಗೆ ಪೊಲೀಸರು ಬಂದರೆ ಹುಡುಗ ದುಬೈಗೆ ಹೊರಟ ಎಂದು ಜನ ಹೆಮ್ಮೆಪಡುತ್ತಾರಂತೆ. ಅದೇ ಪೊಲೀಸರು ಬಿ.ಇಡಿ ಹುಡುಗಿಯ ಮನೆ ಕೇಳಿಕೊಂಡು ಬಂದರೆ ಏನೋ ನಡೆದಿದೆ ಎಂದು ಬಾಗಿಲಲ್ಲಿ ನಿಂತು ನೋಡುತ್ತಾರಂತೆ. ನಾನು ಅವರಿಗೆ ಸಮಾಧಾನ ಹೇಳಿ ಕಳುಹಿಸಿದೆ, ಆದರೆ ಅವರ ಮಾತಿನಲ್ಲಿ ತಪ್ಪು ಹುಡುಕಲಾರೆ. ಎಲ್ಲರಿಗೂ ಆಗುವ ಪರಿಶೀಲನೆ ಎಂದು ಊರಿಗೆ ತಿಳಿದಿದ್ದರೆ ಈ ಮಾತೇ ಹುಟ್ಟುತ್ತಿರಲಿಲ್ಲ. ಒಬ್ಬಳಿಗೇ ಆದಂತೆ ಕಂಡದ್ದರಿಂದ ಅದು ಕಳಂಕವಾಯಿತು.

ಮೂರನೆಯ ಪ್ರಸಂಗ ಇವೆಲ್ಲಕ್ಕಿಂತ ಕಠಿಣವಾದದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹಳ್ಳಿಯೊಂದರ ಹುಡುಗ ಅವನು. ಬೆಳೆಗೆ ನೀರು ಬಾರದಿದ್ದಾಗ ಊರಿನವರ ಜೊತೆ ಹೆದ್ದಾರಿಯಲ್ಲಿ ಕುಳಿತಿದ್ದ. ರಸ್ತೆ ತಡೆಯ ಪ್ರಕರಣದಲ್ಲಿ ಅವನ ಹೆಸರೂ ಸೇರಿತ್ತು, ಅದು ಇನ್ನೂ ಇತ್ಯರ್ಥವಾಗಿರಲಿಲ್ಲ. ಅವನ ವರದಿಯಲ್ಲಿ "ಪ್ರಕರಣ ದಾಖಲಾಗಿರುತ್ತದೆ" ಎಂದಷ್ಟೇ ಇತ್ತು. ಯಾವ ಪ್ರಕರಣ, ಯಾವ ಕಲಮು, ಯಾರ ಮೇಲೆ ಏನು ಮಾಡಿದ್ದಕ್ಕೆ ಎಂಬ ಒಂದಕ್ಷರವೂ ಇರಲಿಲ್ಲ. ಶಾಲೆಯ ಮುಖ್ಯಗುರುಗಳು ಆ ಒಂದು ಸಾಲು ಓದಿ ಬೇಡ ಎಂದರು. ನಾನಾಗಿದ್ದರೂ ಬಹುಶಃ ಬೇಡವೆನ್ನುತ್ತಿದ್ದೆ. ನೀರು ಕೇಳಿ ರಸ್ತೆಯಲ್ಲಿ ಕುಳಿತವನೂ ಮಗುವಿನ ಮೈಮುಟ್ಟಿದವನೂ ಒಂದೇ ಸಾಲಿನಲ್ಲಿ ನಿಲ್ಲುವಂತೆ ಬರೆದ ವರದಿಯಿಂದ ನ್ಯಾಯವೂ ಆಗುವುದಿಲ್ಲ, ರಕ್ಷಣೆಯೂ ಆಗುವುದಿಲ್ಲ. ಅವನು ಒಂದು ವರ್ಷ ಕಳೆದುಕೊಂಡ. ಈ ವರ್ಷ ಮತ್ತೆ ಬಂದಿದ್ದಾನೆ.

ಇದರ ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ಹದಿನೆಂಟು ತುಂಬುವ ಮೊದಲು ಕಾನೂನಿನೊಂದಿಗೆ ಸಂಘರ್ಷಕ್ಕೆ ಬಂದ ಮಗುವಿನ ಪ್ರಕರಣ ಬಾಕಿಯಿರಲಿ, ಮುಗಿದುಹೋಗಿರಲಿ, ನಡತೆ ಪ್ರಮಾಣಪತ್ರಕ್ಕಾಗಲಿ ಬೇರೆ ಉದ್ದೇಶಕ್ಕಾಗಲಿ ಪೊಲೀಸರು ಆ ದಾಖಲೆಯನ್ನು ಬಹಿರಂಗಪಡಿಸುವಂತಿಲ್ಲ ಎಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಹೇಳುತ್ತದೆ. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರು ಇಪ್ಪತ್ತೊಂದು, ಇಪ್ಪತ್ತೆರಡರ ವಯಸ್ಸಿನವರು. ಅವರ ಬಾಲ್ಯ ಹಿಂದೆ ಸರಿದು ಮೂರು ನಾಲ್ಕು ವರ್ಷವಷ್ಟೇ ಆಗಿದೆ. ಠಾಣೆಯ ಮಟ್ಟದಲ್ಲಿ ವರದಿ ಬರೆಯುವವರಿಗೆ ಈ ಕಲಮು ನೆನಪಿರಬೇಕು. ಒಂದು ಪೀಳಿಗೆಯ ಮಕ್ಕಳನ್ನು ಕಾಯಲು ಹೊರಟು, ಇನ್ನೊಂದು ಪೀಳಿಗೆಗೆ ಮಕ್ಕಳಾಗಿದ್ದಾಗ ಕಾನೂನು ಕೊಟ್ಟ ರಕ್ಷಣೆಯನ್ನು ಕಿತ್ತುಕೊಳ್ಳಬಾರದು.

ಹೀಗೆ ಅಡ್ಡಿಗಳು ಬಂದಾಗ ಏನಾಗುತ್ತದೆ ಎಂದರೆ, ಎಲ್ಲರೂ ಮತ್ತೆ ಬಾಂಡ್ ಪೇಪರಿಗೆ ಮರಳುತ್ತಾರೆ. ನಿಯೋಜನೆಯ ಆದೇಶ ಬರುವುದು ಶಾಲೆಗೆ ಹೋಗುವುದಕ್ಕೆ ಒಂದು ವಾರ ಮೊದಲು, ಪರಿಶೀಲನೆಗೆ ಬೇಕಾಗುವುದು ಅದಕ್ಕಿಂತ ಹೆಚ್ಚು ದಿನ, ವಿಶ್ವವಿದ್ಯಾಲಯದ ವೇಳಾಪಟ್ಟಿ ಯಾರಿಗೂ ಕಾಯುವುದಿಲ್ಲ. ಕೊನೆಗೆ ಪ್ರಾಂಶುಪಾಲರ "ಗುಣನಡತೆ ಪ್ರಮಾಣಪತ್ರ" ಕೈಹಿಡಿಯುತ್ತದೆ. ನನಗೆ ತಿಳಿದಂತೆ ಇವರು ಸನ್ನಡತೆಯುಳ್ಳವರು ಎಂದು ಅಚ್ಚಾದ ನಮೂನೆಯಲ್ಲಿ ಹೆಸರು ತುಂಬಿ, ಮುಖ ನೋಡದೆ, ಕಟ್ಟುಗಟ್ಟಲೆ ಸಹಿ ಹಾಕಿಸಿಕೊಳ್ಳುವುದನ್ನು ನಾನೇ ಕಂಡಿದ್ದೇನೆ, ಆ ಕಟ್ಟನ್ನು ಹೊತ್ತುಕೊಂಡು ಹೋಗಿ ಕೊಟ್ಟೂ ಇದ್ದೇನೆ. ಸಹೋದ್ಯೋಗಿ ಪ್ರಾಂಶುಪಾಲರುಗಳು ಬೇಸರಿಸಬಾರದು: ಆ ಕಾಗದದಲ್ಲಿ "ನನಗೆ ತಿಳಿದಂತೆ" ಎಂಬ ಎರಡು ಪದಗಳೇ ಇಡೀ ಸಮಸ್ಯೆ. ನಮಗೆ ತಿಳಿದಿರುವುದು ಅವರ ಆಂತರಿಕ ಅಂಕಗಳು ಮಾತ್ರ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮಕ್ಕಳೊಂದಿಗೆ ಕೆಲಸ ಮಾಡುವವರಿಗೆಂದೇ ಪ್ರತ್ಯೇಕ ಪರಿಶೀಲನೆಯಿದೆ. ಸಂಬಳವಿಲ್ಲದೆ ಪ್ರಾಯೋಗಿಕ ತರಬೇತಿಗೆ ಹೋಗುವ ವಿದ್ಯಾರ್ಥಿ ಅಲ್ಲಿ ಸ್ವಯಂಸೇವಕನ ಹೆಸರಿನಲ್ಲಿ ಉಚಿತವಾಗಿ ಅದನ್ನು ಪಡೆಯುತ್ತಾನೆ. ಒಮ್ಮೆ ಪಡೆದರೆ ಐದು ವರ್ಷ ನಡೆಯುತ್ತದೆ, ಆ ಅವಧಿಯಲ್ಲಿ ಹೊಸ ಪ್ರಕರಣವೇನಾದರೂ ಬಂದರೆ ಮತ್ತೆ ಪರಿಶೀಲಿಸಲಾಗುತ್ತದೆ. ಅಲ್ಲಿಯ ವ್ಯವಸ್ಥೆಯನ್ನು ಎತ್ತಿ ಇಲ್ಲಿ ನೆಡಿ ಎಂದು ನಾನು ಕೇಳುತ್ತಿಲ್ಲ, ಮಣ್ಣೇ ಬೇರೆ. ಆದರೆ "ಮಕ್ಕಳ ಜೊತೆ ಕೆಲಸ ಮಾಡಲು ಈ ವ್ಯಕ್ತಿ ತಕ್ಕವನೇ" ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕುವುದು ಮತ್ತು ವಿದ್ಯಾರ್ಥಿಯನ್ನು ಲೆಕ್ಕದಿಂದ ಹೊರಗೆ ಬಿಡದಿರುವುದು, ಈ ಎರಡಕ್ಕೆ ಯಾವ ಮಣ್ಣೂ ಅಡ್ಡಿಯಲ್ಲ.

ನಮ್ಮಲ್ಲಿಯೂ ಸಾಧನಗಳಿಲ್ಲವೆಂದಲ್ಲ. ಲೈಂಗಿಕ ಅಪರಾಧಗಳಲ್ಲಿ ಶಿಕ್ಷೆಗೊಳಗಾದವರ ರಾಷ್ಟ್ರೀಯ ದತ್ತಸಂಚಯವನ್ನು ಕೇಂದ್ರ ಗೃಹ ಸಚಿವಾಲಯ 2018ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದೆ. ಅದನ್ನು ನೋಡುವ ಅಧಿಕಾರ ತನಿಖಾ ಸಂಸ್ಥೆಗಳಿಗೆ ಮಾತ್ರ ಇದೆ, ಇರಬೇಕಾದದ್ದೂ ಹಾಗೆಯೇ. ರಾಯಚೂರಿನಂಥ ಗಡಿ ಜಿಲ್ಲೆಗೆ ಇದರ ಬೆಲೆ ಹೆಚ್ಚು. ನಮ್ಮ ತರಗತಿಗಳಲ್ಲಿ ತೆಲಂಗಾಣದ ಗದ್ವಾಲ ಕಡೆಯ, ಆಂಧ್ರದ ಮಂತ್ರಾಲಯ ಕಡೆಯ ವಿದ್ಯಾರ್ಥಿಗಳೂ ಕುಳಿತಿರುತ್ತಾರೆ. ಊರ ಠಾಣೆಯ ಪುಸ್ತಕವನ್ನಷ್ಟೇ ತೆರೆದು ನೋಡಿ ಕೊಟ್ಟ ವರದಿ ರಾಜ್ಯದ ಗಡಿಯ ಆಚೆ ಏನಿದೆ ಎಂದು ಹೇಳಲಾರದು. ಪೊಲೀಸ್ ಇಲಾಖೆ ಪ್ರಶಿಕ್ಷಣಾರ್ಥಿಗಳ ಹೆಸರುಗಳನ್ನು ಆ ದತ್ತಸಂಚಯದಲ್ಲಿಯೂ ನೋಡಿ ಉತ್ತರ ಕೊಟ್ಟರೆ, ಬೀಗ ಬಿದ್ದ ಮನೆಯ ಮುಂದೆ ನಿಂತು ಬರೆಯುವ ವರದಿಗಿಂತ ಅದು ಎಷ್ಟೋ ಮೇಲು.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಬಾಲನ್ಯಾಯ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದ್ದು, ಜಿಲ್ಲೆಯಲ್ಲಿ ಮಕ್ಕಳ ರಕ್ಷಣಾ ವ್ಯವಸ್ಥೆಯ ಮೇಲ್ವಿಚಾರಣೆ ಈಗ ತಮ್ಮ ಕೈಯಲ್ಲಿದೆ. ಪೊಲೀಸ್, ಶಿಕ್ಷಣ, ಮಹಿಳಾ ಮತ್ತು ಮಕ್ಕಳ ಇಲಾಖೆ ಮೂರನ್ನೂ ಒಂದು ಮೇಜಿನ ಸುತ್ತ ಕೂರಿಸಬಲ್ಲವರು ಜಿಲ್ಲೆಯಲ್ಲಿ ತಾವೊಬ್ಬರೇ. ಪೋಕ್ಸೊ ನಿಯಮಗಳ ಮಟ್ಟಿಗೆ ಪ್ರಶಿಕ್ಷಣಾರ್ಥಿಯನ್ನೂ ಶಾಲೆಯ ಸಿಬ್ಬಂದಿಯಂತೆಯೇ ಕಾಣತಕ್ಕದ್ದು ಎಂಬ ಒಂದು ಸುತ್ತೋಲೆ ತಮ್ಮ ಕಚೇರಿಯಿಂದ ಹೊರಡಬೇಕು. ಬಾಲಮಂದಿರಗಳಿಗೆ ಕ್ಷೇತ್ರಕಾರ್ಯಕ್ಕೆ ಹೋಗುವ ಸಮಾಜಕಾರ್ಯ ವಿದ್ಯಾರ್ಥಿಗಳಿಗೂ ಅದು ಅನ್ವಯಿಸಬೇಕು. ಅಷ್ಟಾದರೆ ಕೇಳುವವರು ಯಾರು, ಕೊಡುವವರು ಯಾರು ಎಂಬ ಜಗಳ ನಿಲ್ಲುತ್ತದೆ.

ಪರಿಶೀಲನೆಗೆ ಅರ್ಜಿ ಹಾಕುವವರು ವಿದ್ಯಾರ್ಥಿಗಳಾಗಬಾರದು, ಕಾಲೇಜಾಗಬೇಕು. ಮೊದಲ ವರ್ಷದ ಪ್ರವೇಶ ಮುಗಿದ ತಿಂಗಳಲ್ಲೇ ಕಾಲೇಜು ತನ್ನ ಪಟ್ಟಿಯನ್ನು ಒಟ್ಟಾಗಿ ಎಸ್‌ಪಿ ಕಚೇರಿಗೆ ಕಳುಹಿಸಲಿ. ಒಂದು ದಿನ ಗೊತ್ತುಮಾಡಿ ಪೊಲೀಸ್ ಸಿಬ್ಬಂದಿ ಕಾಲೇಜಿಗೇ ಬಂದು ದಾಖಲೆಗಳನ್ನು ನೋಡಲಿ, ಬೆರಳಚ್ಚು ಬೇಕಿದ್ದರೆ ತೆಗೆದುಕೊಳ್ಳಲಿ. ಐವತ್ತು ಮಂದಿ ಐವತ್ತು ಠಾಣೆಗಳ ಮುಂದೆ ನಿಲ್ಲುವ ಬದಲು ನಾಲ್ಕು ಮಂದಿ ಪೊಲೀಸರು ಒಂದು ಸಭಾಂಗಣದಲ್ಲಿ ಕೂತರೆ ಇಲಾಖೆಗೂ ಕೆಲಸ ಕಡಿಮೆ, ರುಮಾಲು ಬಿಚ್ಚಿ ಕೂತ ಆ ತಂದೆಗೂ ನೆಮ್ಮದಿ. ಪ್ರವೇಶದ ಸಮಯದಲ್ಲೇ ಶುರುವಾದರೆ ಮೊದಲ ವರ್ಷದ ನಾಲ್ಕು ವಾರಕ್ಕೂ ಎರಡನೆಯ ವರ್ಷದ ಹದಿನಾರು ವಾರಕ್ಕೂ ಅದೇ ಸಾಕಾಗುತ್ತದೆ. ನಡುವೆ ಹೊಸ ಪ್ರಕರಣವೇನಾದರೂ ದಾಖಲಾದರೆ ತಿಳಿಸುವ ಹೊಣೆ ಮಾತ್ರ ಉಳಿಯುತ್ತದೆ. ಇದನ್ನು ಸರ್ಕಾರಿ ಸೇವೆಗಳಿಗೆ ಕಾಲಮಿತಿ ಗೊತ್ತುಮಾಡುವ ‘ಸಕಾಲ’ ಯೋಜನೆಯ ಅವಧಿಯೊಳಗೆ ತರಲು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು. ಶುಲ್ಕವನ್ನು ವಿದ್ಯಾರ್ಥಿಯಿಂದ ವಸೂಲು ಮಾಡಬಾರದು. ಬೋಧನಾ ಶುಲ್ಕದಲ್ಲಿ ಏನೆಲ್ಲ ಸೇರಿಸಿಕೊಳ್ಳುವ ನಮ್ಮ ಆಡಳಿತ ಮಂಡಳಿಗಳಿಗೆ ಇದೊಂದು ದೊಡ್ಡ ಹೊರೆಯಲ್ಲ.

ವರದಿಯ ಭಾಷೆ ಬದಲಾಗಬೇಕು. ಮಕ್ಕಳ ಮೇಲಿನ ಅಪರಾಧ, ಲೈಂಗಿಕ ಅಪರಾಧ, ಮಾನವ ಸಾಗಣೆ, ಮಾದಕ ವಸ್ತು, ಗಂಭೀರ ಹಲ್ಲೆ, ಇವುಗಳಲ್ಲಿ ಶಿಕ್ಷೆಯಾಗಿದೆಯೇ, ವಿಚಾರಣೆ ಬಾಕಿಯಿದೆಯೇ ಎಂಬುದಕ್ಕೆ ನೇರವಾದ ಉತ್ತರ ಬರಲಿ. ರಸ್ತೆ ತಡೆ, ಹೊಲದ ಬದುವಿನ ಜಗಳ, ಚುನಾವಣೆಯ ಸಮಯದ ಕಿತ್ತಾಟ ಈ ಪ್ರಶ್ನೆಯ ವ್ಯಾಪ್ತಿಗೆ ಬರಬಾರದು. ವಿಚಾರಣೆ ಬಾಕಿಯಿರುವವರ ವಿಷಯದಲ್ಲಿ ತೀರ್ಮಾನ ಸುಲಭವಲ್ಲ ಎಂಬುದನ್ನು ಒಪ್ಪುತ್ತೇನೆ, ಏಕೆಂದರೆ ಸುಳ್ಳು ದೂರುಗಳೂ ಇರುತ್ತವೆ, ನಿಜವಾದ ದೂರುಗಳು ವರ್ಷಗಟ್ಟಲೆ ಎಳೆಯುವುದೂ ಇರುತ್ತದೆ. ಅಂಥ ಕಡೆ ಮುಖ್ಯಗುರುಗಳೊಬ್ಬರ ಮೇಲೆ ನಿರ್ಧಾರದ ಭಾರ ಹಾಕದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅಧಿಕಾರಿ ಮತ್ತು ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ) ಪ್ರತಿನಿಧಿ ಕೂಡಿ ವಿದ್ಯಾರ್ಥಿಯ ಮಾತನ್ನೂ ಕೇಳಿ ಲಿಖಿತವಾಗಿ ತೀರ್ಮಾನಿಸಲಿ. ಅಲ್ಲಿಯವರೆಗೆ ಅವನಿಗೆ ಮಕ್ಕಳ ಸಂಪರ್ಕವಿಲ್ಲದ ಕೆಲಸ, ಬೋಧನೋಪಕರಣ ತಯಾರಿ, ಪಠ್ಯ ವಿಶ್ಲೇಷಣೆಯಂಥದ್ದನ್ನು ಕೊಟ್ಟು ವಿಶ್ವವಿದ್ಯಾಲಯ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ. ಬಾಕಿ ಉಳಿದ ಶಾಲಾ ವಾರಗಳನ್ನು ಮುಂದಕ್ಕೆ ಹಾಕಿದರೂ ಆದೀತು, ಇಡೀ ವರ್ಷ ಮಣ್ಣುಪಾಲಾಗಬಾರದು. ವರದಿ ಪ್ರಾಂಶುಪಾಲರಿಗೆ ಮುಚ್ಚಿದ ಲಕೋಟೆಯಲ್ಲಿ ಬರಬೇಕು. ಇವತ್ತು ಅದು ಜೆರಾಕ್ಸ್ ಅಂಗಡಿಯ ಮೇಜಿನ ಮೇಲೆ ಬಿದ್ದಿರುತ್ತದೆ.

ಪರಿಶೀಲನೆಯಾಯಿತು ಎಂದ ಮಾತ್ರಕ್ಕೆ ನಿಶ್ಚಿಂತೆಯಾಗಿರಬಹುದು ಎಂದು ನಾನು ಹೇಳಿದರೆ ಅದು ಇನ್ನೊಂದು ಬಾಂಡ್ ಪೇಪರ್ ಆದೀತು. ಪೊಲೀಸ್ ದಾಖಲೆಯಲ್ಲಿ ಕಾಣುವುದು ದೂರು ದಾಖಲಾದ ಅಪರಾಧ ಮಾತ್ರ. ಮನೆಯ ಮಾನಕ್ಕೆ ಹೆದರಿ ಮುಚ್ಚಿಟ್ಟದ್ದು ಯಾವ ದತ್ತಸಂಚಯದಲ್ಲೂ ಇರುವುದಿಲ್ಲ. ಆದ್ದರಿಂದ ಗೇಟು ದಾಟಿದ ಮೇಲಿನ ಎಚ್ಚರವೂ ಅಷ್ಟೇ ಮುಖ್ಯ. ನಮ್ಮ ಕಾಲೇಜಿನಲ್ಲಿ ಈ ವರ್ಷ ಒಂದು ಸಂಗತಿ ಗಮನಕ್ಕೆ ಬಂತು. ಅಭ್ಯಾಸ ಪಾಠದ ವಿಡಿಯೊ ಮಾಡಿ ಕಳುಹಿಸಿ ಎಂದು ನಾವೇ ಹೇಳುತ್ತೇವೆ; ವಿದ್ಯಾರ್ಥಿಗಳು ತಮ್ಮ ಮೊಬೈಲಿನಲ್ಲಿ ತರಗತಿಯನ್ನು ಚಿತ್ರಿಸುತ್ತಾರೆ; ಆ ಮೊಬೈಲಿನಲ್ಲಿ ಮುನ್ನೂರು ಮಕ್ಕಳ ಮುಖಗಳು ಉಳಿಯುತ್ತವೆ. ಕೆಲವರು ಪ್ರೀತಿಯಿಂದಲೇ ಮಕ್ಕಳ ಜೊತೆಗಿನ ಫೋಟೊವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾರೆ. ಹತ್ತನೇ ತರಗತಿಯ ಹುಡುಗಿಯರಿಗೆ ಡೌಟು ಕೇಳಲು ನಂಬರು ಕೊಟ್ಟವರಿದ್ದಾರೆ. ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ, ಯಾರೂ ಬೇಡವೆಂದು ಹೇಳಿರಲಿಲ್ಲ ಅಷ್ಟೇ. ಶಾಲೆಗೆ ಕಳುಹಿಸುವ ಮೊದಲು ಎರಡು ದಿನವಾದರೂ ಈ ವಿಷಯವನ್ನೇ ಹೇಳಿಕೊಡಬೇಕು: ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಸ್ವಂತ ನಂಬರು ಕೊಡಬಾರದು, ಚಿತ್ರೀಕರಣ ಶಾಲೆಯ ಸಾಧನದಲ್ಲಿ ಮಾರ್ಗದರ್ಶಿ ಶಿಕ್ಷಕರ ಎದುರಿನಲ್ಲೇ ಆಗಬೇಕು, ಯಾವುದೇ ಮಗು ಏನಾದರೂ ಹೇಳಿಕೊಂಡರೆ ತಾನೇ ತನಿಖೆಗೆ ಇಳಿಯದೆ ತಕ್ಷಣ ತಿಳಿಸಬೇಕು. ಅಪರಾಧ ನಡೆದಿದೆ ಎಂದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಪೋಕ್ಸೊ ಕಾಯ್ದೆಯ 21ನೇ ಕಲಮಿನ ಅಡಿಯಲ್ಲಿ ಸ್ವತಃ ಅಪರಾಧ, ಮತ್ತು ಈ ಮಾತಿಗೆ ನೌಕರ, ವಿದ್ಯಾರ್ಥಿ ಎಂಬ ಭೇದವಿಲ್ಲ ಎಂಬುದು ನಮ್ಮ ಎಷ್ಟೋ ಪ್ರಶಿಕ್ಷಣಾರ್ಥಿಗಳಿಗೆ ಗೊತ್ತೇ ಇಲ್ಲ. ಮಕ್ಕಳಿಗೆ 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಗೋಡೆಯ ಮೇಲೆ ಬರೆದದ್ದು ಗೊತ್ತು. ಆ ಗೋಡೆಯ ಕೆಳಗೆ ನಿಂತು ಪಾಠ ಮಾಡುವವರಿಗೆ ಅದು ತಮಗೂ ಸಂಬಂಧಿಸಿದ್ದು ಎಂದು ತಿಳಿದಿರಬೇಕು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿರುವ ಪೋಷಕರಿಗೂ ಒಂದು ಮಾತು. ನಿಮ್ಮ ಶಾಲೆಗೆ ಹೊಸ ಸರ್, ಹೊಸ ಟೀಚರ್ ಬಂದಾಗ ಅವರ ಪರಿಶೀಲನೆ ಆಗಿದೆಯೇ ಎಂದು ಮುಖ್ಯಗುರುಗಳನ್ನು ಕೇಳಲು ನಿಮಗೆ ಹಕ್ಕಿದೆ. ಕೇಳಿದರೆ ಯಾರಿಗೂ ಅವಮಾನವಿಲ್ಲ. ನನ್ನನ್ನು ಆ ಪ್ರಾಂಶುಪಾಲೆ ಕೇಳಿದಾಗ ನನಗೆ ಸಿಟ್ಟು ಬಂದಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಬಿಸಿಲಲ್ಲಿ ಅಷ್ಟು ದೂರ ಬಂದವರನ್ನು ಹೊರಗೆ ಕೂರಿಸಿದರಲ್ಲ ಎಂದು. ಈಗ ಆ ಶಾಲೆಯ ಮಕ್ಕಳ ತಂದೆತಾಯಿಯರ ಪರವಾಗಿ ಅವರಿಗೆ ಕೃತಜ್ಞಳಾಗಿದ್ದೇನೆ.

ಮಾನ್ಯ ಜಿಲ್ಲಾಧಿಕಾರಿಗಳೇ, ನಮ್ಮ ಕಾಲೇಜಿನ ಮೊದಲ ವರ್ಷದ 48 ವಿದ್ಯಾರ್ಥಿಗಳ ಪಟ್ಟಿ ಸಿದ್ಧವಿದೆ. ಹೆಸರು, ಕಳೆದ ಐದು ವರ್ಷಗಳಲ್ಲಿ ವಾಸವಿದ್ದ ಎಲ್ಲ ವಿಳಾಸಗಳು, ಮನೆಯವರು ಗುಳೆ ಹೋಗಿದ್ದರೆ ಈಗಿರುವ ಊರು, ಹಾಸ್ಟೆಲಿನ ವಿಳಾಸ, ಪ್ರತಿಯೊಬ್ಬರ ಲಿಖಿತ ಒಪ್ಪಿಗೆ ಎಲ್ಲವನ್ನೂ ಠಾಣೆವಾರು ವಿಂಗಡಿಸಿದ್ದೇವೆ. ರಸ್ತೆ ತಡೆಯ ಪ್ರಕರಣದಿಂದ ಹಿಂದೆ ಬಿದ್ದ ಹುಡುಗನ ಮನವಿಯನ್ನು, ಅವನ ಒಪ್ಪಿಗೆಯ ಮೇರೆಗೆ, ಪ್ರತ್ಯೇಕ ಲಕೋಟೆಯಲ್ಲಿ ಇಟ್ಟಿದ್ದೇನೆ. ಬರುವ ಸೋಮವಾರ ಬೆಳಿಗ್ಗೆ ತಮ್ಮ ಕಚೇರಿಯ ಟಪಾಲು ವಿಭಾಗಕ್ಕೆ ನಾನೇ ಬಂದು ಇವುಗಳನ್ನು ಸಲ್ಲಿಸಿ ಸ್ವೀಕೃತಿ ಪಡೆಯುತ್ತೇನೆ. ಇವರ ನಾಲ್ಕು ವಾರಗಳ ಶಾಲಾ ಅವಧಿ ಶುರುವಾಗಲು ಇನ್ನು ಎರಡು ತಿಂಗಳಿದೆ. ಪೊಲೀಸ್ ಸಿಬ್ಬಂದಿ ಬರುವ ದಿನವನ್ನು ಒಂದು ವಾರ ಮೊದಲು ತಿಳಿಸಿದರೆ ಸಭಾಂಗಣ, ಮೇಜು, ಕುಡಿಯುವ ನೀರಿನ ವ್ಯವಸ್ಥೆ ಮಾಡಿ, ಊರಿಗೆ ಹೋದವರನ್ನೂ ಕರೆಸಿ ಇಟ್ಟಿರುತ್ತೇನೆ.

ತಮ್ಮ ವಿಶ್ವಾಸಿ,
ಬಿ.ಇಡಿ ಕಾಲೇಜೊಂದರ ಇಂಟರ್ನ್‌ಶಿಪ್ ಸಂಯೋಜಕಿ,
ರಾಯಚೂರು ಜಿಲ್ಲೆ